ಓಟ್ಸ್ ಹೊಲಕ್ಕೆ ಬಿದ್ದ ಮುಯ್ಯಿ

ನಮ್ಮ ಕಡೆ ಬೆಳೆ ಚೆನ್ನಾಗಿ ಬಂದರೆ ‘ಹಸಿರಾಗೈತಿ’ ಅನ್ನುವುದಿಲ್ಲ, ‘ಕರ್ರಗೈತಿ’ ಅನ್ನುತ್ತಾರೆ. ಒಕ್ಕಲುತನ ಮಾಡುವವರ ಕಿವಿ ಈ ಒಂದು ಮಾತಿಗೆ ಕಾದಿರುತ್ತದೆ. ಆ ಚಳಿಗಾಲದಲ್ಲಿ ನಮ್ಮ ಅರ್ಧ ಎಕರೆ ಓಟ್ಸ್ ನೋಡಿ ತಂಬ್ರಹಳ್ಳಿ ರಸ್ತೆಯಲ್ಲಿ ಹೋಗುವ ಜನ ಬೈಕ್ ನಿಲ್ಲಿಸಿ ಹಾಗಂದರು. ನಾನು ಹಿಗ್ಗಿ ಹೀರೇಕಾಯಿ ಆದೆ. ಅದೇ ಕರ್ರಗಿನ ಮೇವು ನಮ್ಮ ಚಂದ್ರಿಯನ್ನು ನೆಲಕ್ಕೆ ಕೆಡವುತ್ತದೆ ಎಂದು ಯಾರಿಗೆ ಗೊತ್ತಿತ್ತು?

ಚಂದ್ರಿ ಅಂದರೆ ನಮ್ಮ ಆಕಳು. ಹಣೆಯ ಮೇಲೆ ಬಿಳಿ ಮಚ್ಚೆ ಇರುವ ಮಿಶ್ರತಳಿ. ನಾನು ಮೂರು ಆಕಳು ಕಟ್ಟಿಕೊಂಡು ಊರ ಡೇರಿಗೆ ಹಾಲು ಹಾಕುವವಳು. ಮೂರರಲ್ಲಿ ಚಂದ್ರಿಯೇ ದೊಡ್ಡಾಕಿ. ಕರುವಾಗಿದ್ದಾಗಿನಿಂದ ಸಾಕಿದ್ದೇನೆ. ಎರಡು ಸಲ ಸೂಜಿ ಕೊಡಿಸಿದರೂ ಗಬ್ಬ ನಿಂತಿರಲಿಲ್ಲ. ಮೂರನೇ ಸಲಕ್ಕೆ ನಿಂತಿತ್ತು. ಏಳು ತಿಂಗಳು ತುಂಬಿತ್ತು. ಮನೆಯಲ್ಲಿ ಬಸುರಿ ಹೆಣ್ಣುಮಗಳನ್ನು ನೋಡಿಕೊಂಡ ಹಾಗೆ ನೋಡಿಕೊಳ್ಳುತ್ತಿದ್ದೆ. ನನ್ನ ಗಂಡ ‘ನನಗಿಂತ ಅದಕ್ಕs ಮೊದ್ಲು ಉಣ್ಣಾಕ ಇಡ್ತಿ’ ಎಂದು ಗೊಣಗುತ್ತಿದ್ದ. ನಿಜವೇ. ಇವನು ಹಸಿವಾದರೆ ಬಾಯಿಬಿಟ್ಟು ಕೇಳುತ್ತಾನೆ, ಅದು ಕೇಳುತ್ತದೆಯೇ?

ಓಟ್ಸ್ ಹಾಕಿದ್ದು ಅದರ ಸಲುವಾಗಿಯೇ. ನಮ್ಮಲ್ಲಿ ಚಳಿಗಾಲ ಬಂತೆಂದರೆ ಹಸಿ ಮೇವಿಗೆ ಪರದಾಟ. ಜೋಳದ ಒಣ ಸೊಪ್ಪೆ ತಿಂದು ತಿಂದು ದನಕ್ಕೂ ಬೇಸರ. ಪಶು ಆಸ್ಪತ್ರೆಯ ಡಾಕ್ಟರು ಬೀಜದ ಚೀಲ ಕೊಟ್ಟು, ‘ಇದು ಎರಡು ಕೊಯ್ಲು ಕೊಡ್ತದೆ, ನೋಡಿ’ ಅಂದರು. ಅವರು ತೆಂಕಣ ಸೀಮೆಯವರು, ನಾವು ಐತಿ ಅಂದರೆ ಅವರು ಇದೆ ಅನ್ನುತ್ತಾರೆ. ಊರಲ್ಲಿ ಮಾತ್ರ ನನಗೆ ಗೇಲಿಯೋ ಗೇಲಿ. ‘ಯಾರಿಗವ್ವ ಓಟು ಹಾಕೀದಿ?’ ಎಂದು ಕೇಳುವವರೇ ಎಲ್ಲ. ‘ಚಂದ್ರಿಗೆ ಹಾಕೀನಿ, ಅದಾರ ಹಾಲು ಕೊಡ್ತೈತಿ’ ಅನ್ನುತ್ತಿದ್ದೆ.

ಡಾಕ್ಟರು ಹೇಳಿದ ಕ್ರಮ ಹೀಗಿತ್ತು. ಬಿತ್ತುವಾಗ ಕೊಟ್ಟಿಗೆ ಗೊಬ್ಬರ, ಜೊತೆಗೆ ಸ್ವಲ್ಪ ಯೂರಿಯಾ. ಹೂ ಬರುವ ಮುಂಚೆ, ಬುಡದಲ್ಲಿ ನಾಲ್ಕು ಬೆರಳು ಬಿಟ್ಟು ಮೊದಲ ಕೊಯ್ಲು. ಆ ಉಳಿದ ಬುಡ, ಅಂದರೆ ಕೂಳೆ, ಚಿಗುರಲು ಶುರುವಾದಾಗ ಅರ್ಧ ಚೀಲ ಯೂರಿಯಾ ಎರಚಿ ನೀರು ಹಾಯಿಸಬೇಕು. ‘ಅರ್ಧ ಚೀಲ, ಅಷ್ಟೇ. ಗೊಬ್ಬರ ಜಾಸ್ತಿ ಆದ್ರೆ ಮೇವು ಜಾಸ್ತಿ ಆಗಲ್ಲ, ಬೇರೆ ಏನೋ ಜಾಸ್ತಿ ಆಗ್ತದೆ’ ಅಂದಿದ್ದರು. ಆ ಬೇರೆ ಏನೋ ಏನೆಂದು ಆಗ ನಾನು ಕೇಳಲಿಲ್ಲ, ಅವರಿಗೂ ಇನ್ನೊಂದು ಊರಿಗೆ ಹೋಗುವ ಅವಸರ.

ಮೊದಲ ಕೊಯ್ಲು ಮುಗಿಯುತ್ತಿದ್ದಂತೆ ಕೊಟ್ಟೂರಿನಿಂದ ಫೋನು ಬಂತು, ತಂಗಿಗೆ ಹೆರಿಗೆ ನೋವು. ಬಾಣಂತನಕ್ಕೆ ಬೇರೆ ಯಾರೂ ಇಲ್ಲ. ದನದ ಕೆಲಸವನ್ನೆಲ್ಲ ಗಂಡನಿಗೆ ಒಪ್ಪಿಸಿ, ಯೂರಿಯಾದ ಲೆಕ್ಕವನ್ನು ಎರಡೆರಡು ಸಲ ಹೇಳಿ ಬಸ್ಸು ಹತ್ತಿದೆ. ಆತ ಬಾಡಿಗೆ ಟ್ರ್ಯಾಕ್ಟರ್ ಓಡಿಸುವವನು, ನಾಲ್ಕು ದಿನ ತೆಲಿಗಿ ಕಡೆ ಹೊಲ ಹೊಡೆಯುವ ಕೆಲಸವಿತ್ತು. ಆದರೂ ಹೊರಡುವ ಮುಂಚೆ, ಒಂದು ಬೆಳಿಗ್ಗೆ ಬೇಗ ಎದ್ದು, ಹೇಳಿದಷ್ಟೇ ಗೊಬ್ಬರ ಎರಚಿ ನೀರು ಬಿಟ್ಟಿದ್ದ. ದನಕ್ಕೆ ಮೇವು ನೀರು ಹಾಕಲು ಪಕ್ಕದ ಹೊಲದ ಅಕ್ಕನಿಗೆ ಹೇಳಿ ಹೋಗಿದ್ದ. ಪುಣ್ಯಾತ್ಮ, ಗೊಬ್ಬರ ಹಾಕಿದ್ದನ್ನು ಮಾತ್ರ ಹೇಳಿರಲಿಲ್ಲ.

ಈ ಅಕ್ಕನ ವಿಷಯ ಹೇಳಬೇಕು. ನನಗಿಂತ ಹತ್ತು ವರ್ಷ ದೊಡ್ಡವಳು, ಒಂಟಿ ಹೆಂಗಸು, ಒಂದು ಎಮ್ಮೆ ಇದೆ. ನಮ್ಮ ಹೊಲಕ್ಕೂ ಅವಳ ಹೊಲಕ್ಕೂ ನಡುವೆ ಒಂದು ಬದು ಅಷ್ಟೇ. ಆ ವರ್ಷ ದೀಪಾವಳಿ ಹೊತ್ತಿಗೆ ಅವಳು ಜಾರಿಬಿದ್ದು ಮುಂಗೈ ಮುರಿದುಕೊಂಡಿದ್ದಳು. ಮೆಕ್ಕೆಜೋಳ ಒಣಗಿ ನಿಂತಿತ್ತು. ನಾನೇ ಹೋಗಿ ತೆನೆ ಮುರಿದು, ಸುಲಿದು, ರಾಶಿ ಮಾಡಿಸಿ ಕೊಟ್ಟೆ. ಕೂಲಿ ಮಾತು ನಾನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ನಮ್ಮಲ್ಲಿ ಇದಕ್ಕೆ ಮುಯ್ಯಿ ಅನ್ನುತ್ತೇವೆ: ಇವತ್ತು ನಾನು ನಿನ್ನ ಹೊಲಕ್ಕೆ, ನಾಳೆ ನೀನು ನನ್ನ ಹೊಲಕ್ಕೆ. ಮುಯ್ಯಿ ತೀರಿಸುವವರು ‘ನೋಡು, ನಿನ್ನ ಕೆಲಸ ಮಾಡಿದೆ’ ಎಂದು ಹೇಳಿಕೊಳ್ಳುವುದಿಲ್ಲ. ಹೇಳಿಕೊಂಡರೆ ಕೂಲಿ ಕೇಳಿದ ಹಾಗಾಗುತ್ತದೆ ಎಂಬ ಸಂಕೋಚ. ಕೆಲಸ ಆಗಿರುತ್ತದೆ, ಕಂಡವರು ಕಂಡುಕೊಳ್ಳಬೇಕು.

ಅಕ್ಕ ನಮ್ಮ ದನಕ್ಕೆ ನೀರು ಕುಡಿಸಲು ಬಂದಾಗ ಓಟ್ಸ್ ಕೂಳೆ ನೋಡಿದ್ದಾಳೆ. ಕೊಯ್ದ ಮೇಲೆ ನಾಲ್ಕು ದಿನ ಅದು ಹಳದಿಯಾಗಿಯೇ ಇರುತ್ತದೆ, ಗೊಬ್ಬರ ಬಿದ್ದರೂ ಅಷ್ಟೇ. ಅವಳಿಗೆ ಕಂಡದ್ದು ಬೇರೆ. ಪಾಪ, ಮನೆಯಾಕೆ ಊರಲ್ಲಿಲ್ಲ, ಗಂಡಸು ಟ್ರ್ಯಾಕ್ಟರ್ ಹತ್ತಿ ಹೋಗ್ಯಾನ, ಮೇವು ಬಡವಾಗೈತಿ. ಆ ಸಲ ಯೂರಿಯಾ ಸಿಗುವುದೇ ಕಷ್ಟವಾಗಿತ್ತು, ಸೊಸೈಟಿ ಮುಂದೆ ಚಪ್ಪಲಿ ಸಾಲು ಇಟ್ಟು ಜನ ಕಾಯುತ್ತಿದ್ದರು. ಹಾಗೆ ಕಾದು ತಂದು, ತನ್ನ ಬೇಸಿಗೆ ಜೋಳಕ್ಕೆಂದು ಇಟ್ಟುಕೊಂಡಿದ್ದ ಗೊಬ್ಬರದಲ್ಲೇ ಅರ್ಧ ಚೀಲ ತಂದು, ಇನ್ನೂ ಪೂರ್ತಿ ಬಲ ಬಾರದ ಕೈಯಲ್ಲಿ ನಮ್ಮ ಹೊಲಕ್ಕೆ ಎರಚಿ ನೀರು ಬಿಟ್ಟಿದ್ದಾಳೆ. ಯಾರಿಗೂ ಹೇಳಲಿಲ್ಲ.

ಮೂರು ವಾರ ಬಾಣಂತನ ಮಾಡಿ ನಾನು ಕೊಟ್ಟೂರಿನಿಂದ ಬರುವ ಹೊತ್ತಿಗೆ ಮೋಡ ಕವಿದಿತ್ತು. ಎಲ್ಲೋ ಸಮುದ್ರದಲ್ಲಿ ಚಂಡಮಾರುತವಂತೆ, ನಮ್ಮಲ್ಲಿ ವಾರವೆಲ್ಲ ಜಿಟಿಜಿಟಿ, ಬಿಸಿಲಿನ ಮುಖವಿಲ್ಲ. ಆದರೂ ಓಟ್ಸ್ ಮೊಣಕಾಲು ದಾಟಿ ಎದ್ದಿತ್ತು. ಎಲೆ ದಪ್ಪ, ಅಗಲ, ಕರ್ರಗೆ ಅಂದರೆ ಕರ್ರಗೆ. ಇತ್ತ ಬಣವೆಯ ಸೊಪ್ಪೆ ನೆನೆದು ಮುಗ್ಗಲು ವಾಸನೆ ಹೊಡೆಯುತ್ತಿತ್ತು. ಒಂದು ಬೆಳಿಗ್ಗೆ ಹೊರೆ ಓಟ್ಸ್ ಕೊಯ್ದು ಗೋದಲಿಗೆ ಹಾಕಿದೆ. ದನ ಬರಿ ಹೊಟ್ಟೆಯಲ್ಲಿದ್ದವು. ಚಂದ್ರಿ ತನ್ನದನ್ನು ಮುಗಿಸಿ ಪಕ್ಕದವುಗಳ ಪಾಲಿಗೂ ಬಾಯಿ ಹಾಕಿತು. ದೊಡ್ಡಾಕಿಯ ದರ್ಪವೇ ಹಾಗೆ.

ಡೇರಿಗೆ ಹೋಗಿ ಬಂದು ನೋಡುತ್ತೇನೆ, ಚಂದ್ರಿ ನಿಂತಲ್ಲೇ ತೂರಾಡುತ್ತಿದೆ. ಪಕ್ಕೆ ಒಂದೇ ಸಮನೆ ಏರಿ ಇಳಿಯುತ್ತಿದೆ, ಬಾಯಿ ತೆರೆದು ಉಸಿರು ಎಳೆಯುತ್ತಿದೆ. ನಾನು ಕೊರಳಿಗೆ ಕೈ ಹಾಕುವಷ್ಟರಲ್ಲಿ ಮುಂಗಾಲು ಮಡಚಿ ಕುಸಿಯಿತು. ಗಂಡ ಡಾಕ್ಟರಿಗೆ ಫೋನು ಮಾಡಿದ. ಅದೃಷ್ಟಕ್ಕೆ ಅವರು ಹತ್ತಿರದ ಊರಲ್ಲೇ ಇದ್ದರು.

ಅವರು ಬರುವುದರೊಳಗೆ ಓಣಿಯ ಜನ ಸೇರಿತ್ತು. ಎಲ್ಲರದೂ ಒಂದೇ ಮಾತು, ‘ಜೋಳದ ಕೂಳಿ ಮೇದೈತಿ.’ ಎಳೆ ಜೋಳದ ಚಿಗುರು ತಿಂದ ದನ ಹೀಗೇ ಬೀಳುತ್ತದೆ, ಇದು ನಮ್ಮ ಸೀಮೆಯ ಮಕ್ಕಳಿಗೂ ಗೊತ್ತು. ಹಿಂದಿನ ಸಂಜೆ ಚಂದ್ರಿ ಹಗ್ಗ ಹರಿದುಕೊಂಡು ಇನ್ನೊಂದು ಕಡೆಯ ಬದುವಿನಾಚೆ ಕೊಯ್ದ ಜೋಳದ ಹೊಲಕ್ಕೆ ನುಗ್ಗಿದ್ದೂ ನಿಜ. ಒಬ್ಬರು ಎಬ್ಬಿಸಿ ನಡೆಸು ಅಂದರು, ಇನ್ನೊಬ್ಬರು ಮಜ್ಜಿಗೆ ಹೊಯ್ಯಿ ಅಂದರು.

ಡಾಕ್ಟರು ಬಂದವರೇ ‘ಎಬ್ಬಿಸಬೇಡಿ, ಬಾಯಿಗೆ ಏನೂ ಹುಯ್ಯಬೇಡಿ’ ಅಂದರು. ವಸಡು ಮೇಲೆತ್ತಿ ನೋಡಿದರು, ಕಣ್ಣಿನ ರೆಪ್ಪೆ ತಿರುವಿ ನೋಡಿದರು. ‘ಇದರ ಬಣ್ಣ ನನಗೆ ಸರಿ ಕಾಣ್ತಿಲ್ಲ. ಜೋಳದ ವಿಷ ಆದ್ರೆ ಕೆಂಪಗಿರಬೇಕು, ಇದು ಕಂದಿದೆ. ಏನ್ ಹಾಕಿದ್ರಿ ಬೆಳಿಗ್ಗೆ?’

‘ಓಟ್ಸ್ ಹಾಕೀನ್ರಿ.’

‘ಗೊಬ್ಬರ?’

‘ನೀವು ಹೇಳಿದಷ್ಟs, ಅರ್ಧ ಚೀಲ. ಇವರs ಹಾಕ್ಯಾರ.’ ಗಂಡ ತಲೆ ಆಡಿಸಿದ.

ಡಾಕ್ಟರು ಯೋಚನೆಗೆ ಬಿದ್ದರು. ‘ಅಷ್ಟಕ್ಕೆ ಹಿಂಗಾಗಬಾರದು’ ಎಂದು ತಮ್ಮಷ್ಟಕ್ಕೆ ಅಂದುಕೊಂಡು ಚೀಲ ಬಿಚ್ಚಿದರು. ಆಗ ಹಿಂದಿನಿಂದ ಅಕ್ಕ ಮುಂದೆ ಬಂದಳು. ಅವಳ ಮುಖ ನೋಡಿದರೆ ಅವಳಿಗೇ ಸೂಜಿ ಬೇಕೇನೋ ಅನ್ನುವ ಹಾಗಿತ್ತು.

‘ಸಾಹೇಬ್ರ, ನಾನೂ ಹಾಕೀನ್ರಿ. ಅರ್ಧ ಚೀಲ. ಇವರು ಹಾಕ್ಯಾರ ಅಂತ ನನಗ ಗೊತ್ತಿದ್ದಿಲ್ಲ. ಮುಯ್ಯಿ ತೀರ್ಸಾಕ ಹಾಕಿದ್ನಿ.’

ಡಾಕ್ಟರ ಕೈ ನಿಂತಿತು. ಮುಯ್ಯಿ ಎನ್ನುವ ಮಾತಿಗೆ ಇನ್ನೊಂದು ಮುಖವೂ ಇದೆಯಲ್ಲ, ಸೇಡು. ಅವರಿಗೆ ಹೊಳೆದದ್ದು ಅದು. ‘ಏನಮ್ಮಾ, ದ್ವೇಷಕ್ಕೆ ಹಾಕಿದ್ರಾ?’ ಅಂದರು.

‘ಅಯ್ಯೋ ಶಿವನ, ಅಲ್ರಿ. ಆಕಿ ನನ್ನ ಮೆಕ್ಕಿಜ್ವಾಳ ಮುರಿದು ಕೊಟ್ಟಿದ್ಲು. ಅದಕ್ಕ ಹಾಕಿದ್ನಿ.’

ಡಾಕ್ಟರು ತಲೆ ಆಡಿಸಿ ಸೂಜಿ ಎತ್ತಿಕೊಂಡರು. ಕೊರಳ ನರದಿಂದ ಗಾಜಿನ ನಳಿಕೆಗೆ ಒಂದಿಷ್ಟು ರಕ್ತ ತೆಗೆದು ಅಲ್ಲಾಡಿಸಿ ಬೆಳಕಿಗೆ ಹಿಡಿದರು. ಕೆಂಪು ಅನ್ನುವುದೇ ಇಲ್ಲ, ಕಾಫಿ ಡಿಕಾಕ್ಷನ್ ಇದ್ದ ಹಾಗಿತ್ತು. ಗಾಳಿ ತಾಗಿದರೂ ಬಣ್ಣ ತಿರುಗಲಿಲ್ಲ. ಅವರು ನನಗೆ ಅರ್ಥವಾಗುವಂತೆ ಹೇಳಿದರು: ಯೂರಿಯಾದ ಸಾರಜನಕವನ್ನು ಬೇರು ಎಳೆದುಕೊಳ್ಳುತ್ತದೆ, ಬಿಸಿಲಿದ್ದರೆ ಗಿಡ ಅದನ್ನು ಅರಗಿಸಿಕೊಳ್ಳುತ್ತದೆ. ಮೋಡವಿದ್ದರೆ ಅರಗದೆ ನೈಟ್ರೇಟ್ ಆಗಿ ಕಾಂಡದಲ್ಲೇ ನಿಲ್ಲುತ್ತದೆ. ದನದ ಹೊಟ್ಟೆಗೆ ಹೋದರೆ ರಕ್ತ ಉಸಿರು ಹೊರುವುದನ್ನೇ ಬಿಡುತ್ತದೆ. ‘ಜೋಳದ ವಿಷಕ್ಕೆ ಕೊಡೋ ಮದ್ದು ಇದಕ್ಕೆ ಕೊಟ್ರೆ ಹಸು ಉಳಿಯಲ್ಲ. ಇದಕ್ಕೆ ಮಿಥಿಲೀನ್ ಬ್ಲೂ ಬೇಕು. ನನ್ನ ಚೀಲದಲ್ಲಿಲ್ಲ, ಆಸ್ಪತ್ರೆ ಬೀರುವಿನಲ್ಲಿದೆ.’ ಮಾತು ಮುಗಿಯುವ ಮೊದಲೇ ನನ್ನ ಗಂಡನ ಬೈಕು ಊರು ದಾಟಿತ್ತು.

ಆ ಕಾಯುವ ಹೊತ್ತು ಶತ್ರುವಿಗೂ ಬೇಡ. ಚಂದ್ರಿ ಪಕ್ಕಕ್ಕೆ ಒರಗದಂತೆ ಎರಡೂ ಕಡೆ ಹೊಟ್ಟಿನ ಚೀಲ ಒತ್ತಿ ಇಟ್ಟೆವು. ಮೈ ನಡುಗುತ್ತಿತ್ತು. ಅಕ್ಕ ಅದರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು, ನಾನು ಹೊಟ್ಟೆಯ ಮೇಲೆ ಕೈ ಇಟ್ಟು ಕೂತೆ. ಒಳಗೆ ಕರು ಮಿಸುಕುತ್ತದೆಯೋ ಇಲ್ಲವೋ ತಿಳಿಯದು. ನನ್ನ ಬಾಯಿ ಊರಿಗೇ ಗೊತ್ತು, ಆದರೆ ಆ ಹೊತ್ತಿನಲ್ಲಿ ಅವಳಿಗೆ ಒಂದು ಮಾತೂ ಅನ್ನಲಿಲ್ಲ. ಸಿಟ್ಟು ಬಂದಿರಲಿಲ್ಲ ಅಂದರೆ ಸುಳ್ಳು. ಗಂಡನ ಮೇಲೆ, ಮೋಡದ ಮೇಲೆ, ಅವಳ ಮೇಲೆ, ಎಲ್ಲದರ ಮೇಲೂ ಬಂದಿತ್ತು. ಅವಳ ಕಣ್ಣೀರು ಚಂದ್ರಿಯ ಮಚ್ಚೆಯ ಮೇಲೆ ಬೀಳುವುದನ್ನು ನೋಡಿ ನುಂಗಿಕೊಂಡೆ.

ಔಷಧಿ ಬಂತು. ಶಾಯಿಯಂಥ ನೀಲಿ. ಡಾಕ್ಟರು ಅದನ್ನು ಕೊರಳ ನರಕ್ಕೆ ಹನಿಹನಿಯಾಗಿ ಬಿಟ್ಟರು, ಅವಸರ ಮಾಡಲಿಲ್ಲ. ಬಾಟಲಿ ಅರ್ಧವಾಗುವಷ್ಟರಲ್ಲಿ ಉಸಿರು ತಗ್ಗಿತು. ವಸಡಿನ ಕಂದು ಬಣ್ಣ ಒಡೆದು ಗುಲಾಬಿ ಮೂಡಿತು. ಮಧ್ಯಾಹ್ನದ ಹೊತ್ತಿಗೆ ಚಂದ್ರಿ ತಾನಾಗಿಯೇ ಮೊಣಕಾಲೂರಿ ಎದ್ದು ನಿಂತು, ಹಸಿರು-ನೀಲಿ ಉಚ್ಚೆ ಹೊಯ್ಯಿತು. ಗಂಜಲ ನೋಡಿ ಕೈಮುಗಿದವಳು ನಾನೊಬ್ಬಳೇ ಇರಬೇಕು.

ಡಾಕ್ಟರು ಕೈ ತೊಳೆಯುತ್ತಾ ಅಂದರು, ‘ರಕ್ತ ನೋಡದೆ ನಾನೇನೂ ಕೊಡ್ತಿರಲಿಲ್ಲ. ಆದ್ರೆ ಆ ಅಮ್ಮ ಬಾಯಿ ಬಿಡದಿದ್ರೆ ಇನ್ನೊಂದಷ್ಟು ಹೊತ್ತು ಜೋಳ ಜೋಳ ಅಂತ ಯೋಚನೆ ಮಾಡ್ತಿದ್ದೆ. ಅಷ್ಟು ಹೊತ್ತು ಈ ಹಸುಗೆ ಇರಲಿಲ್ಲ.’ ಆಮೇಲೆ ದನಿ ತಗ್ಗಿಸಿ, ‘ಕರು ವಿಷಯ ಈಗ ಹೇಳಕ್ಕಾಗಲ್ಲ. ತಾಯಿ ಉಳಿದ್ರೂ ಒಂದೊಂದು ಸಲ ದಿನ ತುಂಬೋ ಮೊದ್ಲೇ ಕಂದು ಹಾಕ್ತವೆ. ಕಾಯಬೇಕು’ ಅಂದರು.

ಕಾಯುವುದರ ಜೊತೆಗೆ ಇನ್ನೊಂದು ಪ್ರಶ್ನೆ ಹೊಲದಲ್ಲಿ ನಿಂತಿತ್ತು. ಮಿಕ್ಕ ಓಟ್ಸ್ ಏನು ಮಾಡುವುದು? ಗಂಡ ಟ್ರ್ಯಾಕ್ಟರ್ ಹೊಡೆದು ಮಣ್ಣಿಗೆ ಸೇರಿಸೋಣ ಅಂದ. ಸೇರಿಸಿದರೆ ಬೇಸಿಗೆಗೆ ಮೇವೇ ಇಲ್ಲ. ಡಾಕ್ಟರು ಒಂದು ದಿನ ಸಣ್ಣ ಶೀಶೆಯಲ್ಲಿ, ನೈಟ್ರೇಟ್ ಇದ್ದಲ್ಲಿ ನೀಲಿಯಾಗುವ ಆಮ್ಲದ ದ್ರಾವಣ ತಂದರು, ಕೈಗೆ ತಾಗಿಸಿಕೊಳ್ಳಬೇಡಿ ಎಂದು ಎಚ್ಚರಿಸಿ, ಕಾಂಡವನ್ನು ಉದ್ದಕ್ಕೆ ಸೀಳಿ ಒಂದೊಂದು ಹನಿ ಬಿಟ್ಟರು. ಬುಡದ ಕಡೆ ಕಣ್ಣೆದುರೇ ಕಡುನೀಲಿ. ಮೇಲೆ ಹೋದಂತೆ ತಿಳಿ. ಎಲೆಯ ಕಡೆ ಹೆಚ್ಚೇನಿಲ್ಲ. ವಿಷ ಬುಡದಲ್ಲೇ ಕೂತಿತ್ತು. ಒಣಗಿಸಿದರೆ ಹೋಗುವುದಿಲ್ಲವಂತೆ. ಬಿಸಿಲು ಬಿದ್ದು ಬೆಳೆ ಬಲಿತರೆ ತಾನೇ ಇಳಿಯುತ್ತದಂತೆ.

ಹಾಗಾದರೆ ಬಲಿಯಲಿ ಎಂದು ತೀರ್ಮಾನಿಸಿದೆ. ಮೆತ್ತಗಿನ ಮೇವಿನ ಆಸೆ ಬಿಟ್ಟೆ. ಒಂದು ಕಾಳು ಗೊಬ್ಬರ ಹಾಕದೆ ನೀರು ಮಾತ್ರ ಹಾಯಿಸಿದೆ. ಮೋಡ ಸರಿದು ಬಿಸಿಲು ಬಂತು. ಡಾಕ್ಟರು ಆ ಕಡೆ ಬಂದಾಗಲೆಲ್ಲ ಹನಿ ಬಿಟ್ಟು ನೋಡುತ್ತಿದ್ದರು, ನೀಲಿ ಸಲದಿಂದ ಸಲಕ್ಕೆ ತೆಳುವಾಯಿತು.

ಈ ನಡುವೆ ಅಕ್ಕ ನಮ್ಮ ಬದು ತುಳಿಯುವುದನ್ನೇ ಬಿಟ್ಟಿದ್ದಳು, ಸುತ್ತು ಹಾಕಿ ತನ್ನ ಹೊಲಕ್ಕೆ ಹೋಗುತ್ತಿದ್ದಳು. ಯಾಕೆಂದು ಡೇರಿಯಲ್ಲಿ ತಿಳಿಯಿತು. ಹಾಲು ಹಾಕಲು ನಿಂತಿದ್ದವನೊಬ್ಬ, ‘ಬದುವಿನ ಜಗಳ ಇದ್ದೀತು, ಮುಯ್ಯಿ ತೀರಿಸ್ಯಾಳ ಬಿಡು’ ಎಂದು ಹಲ್ಲು ಕಿರಿದ. ಒಂದು ಮಾತಿನ ಇನ್ನೊಂದು ಅರ್ಥ ಊರೆಲ್ಲ ಓಡಾಡಿತ್ತು. ಆಗ ಬಂತು ನೋಡಿ ನನ್ನ ಬಾಯಿ.

‘ಹೌದಪ್ಪ, ತೀರಿಸ್ಯಾಳ. ಸೊಸೈಟಿ ಮುಂದ ಕಾದು ತಂದ ಗೊಬ್ಬರ, ತನ್ನ ಜ್ವಾಳಕ್ಕಿಲ್ಲದಂಗ ನನ್ನ ಹೊಲಕ್ಕ ಹಾಕ್ಯಾಳ. ಹುಷಾರಿಲ್ಲದ ಕೈಲೆ ಹಾಕ್ಯಾಳ. ಎಲ್ಲಾರ ಮುಂದ ನಾನs ಹಾಕೀನಿ ಅಂದು ನನ್ನ ಆಕಳ ಉಳಿಸ್ಯಾಳ. ನಿನಗ ಯಾರಾರ ಹಿಂಗ ಮುಯ್ಯಿ ತೀರಿಸ್ಯಾರೇನು? ಇದ್ರ ಹೇಳು, ಕೇಳ್ತೀನಿ.’ ಅವನು ಕ್ಯಾನು ಎತ್ತಿಕೊಂಡು ಹೊರಟ.

ಆ ಮಾತು ಅವಳ ಕಿವಿಗೂ ಬಿದ್ದಿರಬೇಕು. ತೆನೆ ಹಾಲುಗಟ್ಟಿ, ಹನಿ ಹಾಕಿದರೆ ನೀಲಿ ಕಾಣದಂತಾದ ಮೇಲೆ, ಒಂದು ಗೇಣು ಬುಡ ಬಿಟ್ಟು ಮೇಲಿನ ಮೇವಷ್ಟೇ ಕೊಯ್ದು, ಒಣ ಸೊಪ್ಪೆಯ ಜೊತೆ ಕತ್ತರಿಸಿ ಇಟ್ಟಿದ್ದೆ. ಮೊದಲು ಯಾವ ದನಕ್ಕೆ ಹಾಕುವುದೆಂದು ಕೈ ಬಾರದೆ ನಿಂತಿದ್ದೆ. ಅಷ್ಟರಲ್ಲಿ ಅಕ್ಕ ತನ್ನ ಎಮ್ಮೆಯನ್ನು ಹಿಡಿದುಕೊಂಡು ಅಂಗಳಕ್ಕೆ ಬಂದಳು. ಅವಳ ಬದುಕಿಗೆ ಇರುವುದು ಅದೊಂದೇ ಎಮ್ಮೆ.

‘ಮೊದ್ಲು ಇದಕ್ಕ ಹಾಕು. ಏನಾರ ಆದ್ರ ನನ್ನದಕ್ಕ ಆಗ್ಲಿ.’

ನಾನು ಗೋದಲಿಗೆ ಅಡ್ಡ ನಿಂತೆ. ‘ಹುಚ್ಚಿ ಅದೀಯೇನು ಯಕ್ಕ? ನಿನ್ನ ಎಮ್ಮಿಗೆ ಏನಾರ ಆದ್ರ ಆ ಮುಯ್ಯಿ ತೀರ್ಸಾಕ ನನಗ ಇನ್ನೊಂದು ಜಲ್ಮ ಬೇಕಾಗ್ತೈತಿ. ಕಟ್ಟು ಅದನ್ನ ಅತ್ಲಾಗ.’ ಹೊಟ್ಟೆ ತುಂಬ ಸೊಪ್ಪೆ ತಿಂದಿದ್ದ ನಮ್ಮ ಕಿರಿ ಆಕಳಿಗೆ ಒಂದು ಬೊಗಸೆ ಹಾಕಿದೆ. ಇಬ್ಬರೂ ಅದರ ಎದುರೇ ಕೂತೆವು. ಗಳಿಗೆಗೊಮ್ಮೆ ಅವಳು ಎದ್ದು ವಸಡು ನೋಡುತ್ತಿದ್ದಳು, ಪಾಪ ಆ ಆಕಳು ಬೇಸತ್ತು ಮುಖ ತಿರುಗಿಸಿತು. ಸಂಜೆಯವರೆಗೆ ಏನೂ ಆಗಲಿಲ್ಲ. ದಿನದಿನಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತಾ ಆ ಹೊಲದಿಂದ ಕೊಯ್ದ ಮೇವನ್ನೆಲ್ಲ ಕಡ್ಡಿ ಬಿಡದೆ ತಿನ್ನಿಸಿದೆ. ಚಂದ್ರಿಗೆ ಮಾತ್ರ ಹಾಕಲು ಧೈರ್ಯ ಬರಲಿಲ್ಲ.

ಚಂದ್ರಿ ಕಂದು ಹಾಕಲಿಲ್ಲ. ತಿಂಗಳು ತುಂಬಿ, ಒಂದು ಮಧ್ಯಾಹ್ನ ನೋವು ತೆಗೆಯಿತು. ಅಕ್ಕನಿಗೆ ಹೇಳಿ ಕಳಿಸಿದೆ, ಕೈಯಲ್ಲಿದ್ದ ಹಿಟ್ಟು ತೊಳೆಯದೆ ಓಡಿ ಬಂದಳು. ಮೊದಲು ಎರಡು ಗೊರಸು, ಆಮೇಲೆ ಮೂತಿ. ಕರು ನೆಲಕ್ಕೆ ಬಿದ್ದು ಸುಮ್ಮನೆ ಬಿದ್ದುಕೊಂಡಿತ್ತು. ನಾನು ನಿಂತಲ್ಲೇ ಕಲ್ಲಾದೆ. ಅಕ್ಕ ಬೆರಳು ಹಾಕಿ ಅದರ ಬಾಯಿ ಮೂಗಿನ ಲೋಳೆ ತೆಗೆದು, ಹುಲ್ಲಿನಿಂದ ಪಕ್ಕೆ ತಿಕ್ಕಿದಳು, ತಿಕ್ಕುತ್ತಲೇ ಇದ್ದಳು. ಕರು ಒಂದು ಸಲ ಸೀನಿ ತಲೆ ಎತ್ತಿತು. ಹೆಣ್ಣುಗರು. ಚಂದ್ರಿ ತಿರುಗಿ ನೆಕ್ಕತೊಡಗಿತು. ನಾವಿಬ್ಬರೂ ಕೊಟ್ಟಿಗೆಯಲ್ಲೇ ಕೂತು ಮನಸಾರೆ ಅತ್ತೆವು.

ಮೊದಲ ಹಾಲಿನ ಗಿಣ್ಣು ಕಾಸಿ ಡಾಕ್ಟರಿಗೆ ಒಂದು ಡಬ್ಬಿ ಕಳಿಸಿದೆ. ಅವರ ಋಣ ಗಿಣ್ಣಿನಿಂದ ತೀರುವಂಥದಲ್ಲ. ಅಕ್ಕನಿಗೆ ಮಾತ್ರ ನಾನೇ ತಟ್ಟೆ ಹಿಡಿದುಕೊಂಡು ಹೋದೆ. ದಾರಿಯುದ್ದಕ್ಕೂ ಅಂದುಕೊಂಡಿದ್ದನ್ನು ಬಾಗಿಲಲ್ಲೇ ಹೇಳಿಬಿಟ್ಟೆ: ‘ಯಕ್ಕ, ನೀ ಅವತ್ತು ಬಾಯಿ ಬಿಡ್ಲಿಲ್ಲ ಅಂದಿದ್ರ ತಾಯಿನೂ ಇಲ್ಲ, ಮಗಳೂ ಇಲ್ಲ, ಈ ಗಿಣ್ಣೂ ಇಲ್ಲ. ನನಗ ಇದನ್ನ ಹೇಳದs ಇರಾಕ ಆಗಂಗಿಲ್ಲ.’

ಅವಳು ತಟ್ಟೆ ತೆಗೆದುಕೊಂಡಳು. ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡಳು, ನಿಧಾನಕ್ಕೆ ನುಂಗಿದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, ಬಹಳ ಗಂಭೀರವಾಗಿ ಅಂದಳು:

‘ಬೆಲ್ಲ ಜಾಸ್ತಿ ಆಗೇತಿ ತಂಗಿ. ನೀ ಹಾಕಿದ ಮ್ಯಾಲ ನಿನ್ನ ಗಂಡನೂ ಹಾಕಿರಬೇಕು ನೋಡು.’